ಅಪ್‌ಡೇಟ್: ಬದಿಯಡ್ಕದ ಮನೆ, ರಿಪೇರಿಗೆ ಮೊದಲು ಕರೆಂಟಿನ ಲೆಕ್ಕ

ತಾರಸಿ ಮನೆ ರಿಪೇರಿಗೆ ಮೊದಲು ಎನರ್ಜಿ ಆಡಿಟ್ (ಕರೆಂಟು ಎಲ್ಲೆಲ್ಲಿ ಎಷ್ಟು ಖರ್ಚಾಗುತ್ತದೆ ಎಂಬ ತಪಾಸಣೆ) ಬೇಕೇ ಎಂದು ಕೇಳಿದ್ದೆ. ಬೇಕು, ಅದೂ ವಯರಿಂಗ್ ಗೋಡೆಯೊಳಗೆ ಮುಚ್ಚಿಹೋಗುವ ಮೊದಲೇ.

ಆಡಿಟ್‌ಗೆ ಬಂದವರು ಮೈನ್ ಮಾತ್ರ ಆನ್ ಇಟ್ಟು, ಉಳಿದ ಸ್ವಿಚ್ಚೆಲ್ಲ ಆಫ್ ಮಾಡಿ ಮೀಟರಿನ ಕೆಂಪು ದೀಪ ನೋಡಿದರು. 3200 ಮಿಣುಕಿಗೆ ಒಂದು ಯೂನಿಟ್. ಕಾಲು ಗಂಟೆಗೆ 16 ಮಿಣುಕು ಬಂತು. ಅಂದರೆ ಸುಮ್ಮನೆ 20 ವ್ಯಾಟ್ ಹೋಗುತ್ತಿದೆ. ಇನ್ವರ್ಟರ್ ಕಳಚಿದೊಡನೆ ನಿಂತಿತು, ಹಾಗಾಗಿ ವಯರಿಂಗಿನ ಲೀಕೇಜ್ ಅಲ್ಲ.

ಬಾವಿಯ ಪಂಪಿನಲ್ಲಿ ಫುಟ್‌ವಾಲ್ವ್ (ಪೈಪಿನ ತುದಿಯಲ್ಲಿ ನೀರು ಹಿಂದೆ ಇಳಿಯದಂತೆ ತಡೆಯುವ ವಾಲ್ವ್) ಸೋರಿ ಪೈಪು ಖಾಲಿಯಾಗುತ್ತದೆ, ಮೋಟಾರು ನೀರೆತ್ತದೆ ಬರಿದೇ ತಿರುಗುತ್ತದೆ. ವಾಲ್ವ್ ಬದಲಿಸಿದರೆ ಸಾಕು. ಹೊಸ ಮೋಟಾರು ಮಾರುವವರ ಮಾತು ಬೇರೆ!

75 ವ್ಯಾಟಿನ ಫ್ಯಾನಿಗೆ ಬದಲು 30ರ ಆಸುಪಾಸಿನ ಬಿಎಲ್‌ಡಿಸಿ ಫ್ಯಾನ್ (ಬ್ರಶ್ ಇಲ್ಲದ ಮೋಟಾರಿನದು, ಕರೆಂಟು ಕಡಿಮೆ ಸಾಕು), ದಿನವಿಡೀ ತಿರುಗುವಲ್ಲಿ ಮಾತ್ರ. ಎಸಿಗಿಂತ ಮೊದಲು ತಾರಸಿಗೆ ಬಿಸಿಲನ್ನು ಹಿಂದಕ್ಕೆ ಹೊಡೆಯುವ ಬಿಳಿ ಕೂಲ್‌ರೂಫ್ ಬಣ್ಣ: ಪಾಚಿ ಉಜ್ಜಿ, ಪೂರ್ತಿ ಒಣಗಿಸಿ, ಮಳೆಗಾಲಕ್ಕೆ ಮುಂಚೆ. ಹಸಿ ಕಾಂಕ್ರೀಟಿಗೆ ಹಚ್ಚಿದರೆ ಸುಲಿದು ಬರುತ್ತದೆ.