ತಿರುಗುವಾಗ ರೋಬೋಟ್‌ಗೆ ವಸ್ತು ಕಾಣುವುದಿಲ್ಲ: ಬೋರ್ಡ್ ಬದಲಿಸಬೇಕೇ?

ಪ್ರಶ್ನೆ
ಕೋಣೆಯಲ್ಲಿ ತಾನೇ ಸುತ್ತಾಡಿ ಚೆಂಡು, ಬಾಟಲಿ, ಲೋಟಗಳನ್ನು ಹುಡುಕಿ ಅವುಗಳ ಮುಂದೆ ನಿಲ್ಲುವ ಸಣ್ಣ ರೋಬೋಟ್ ಒಂದನ್ನು ಆದಷ್ಟು ಕಡಿಮೆ ಖರ್ಚಿನಲ್ಲಿ ಕಟ್ಟುತ್ತಿದ್ದೇನೆ. ರಾಸ್ಪ್‌ಬೆರಿ ಪೈ 4 ಎಂಬ ಸಣ್ಣ ಕಂಪ್ಯೂಟರ್ ಬೋರ್ಡ್, ಕ್ಯಾಮೆರಾ, ಎರಡು ಗೇರ್ ಮೋಟಾರ್ ಮತ್ತು ಅವುಗಳನ್ನು ಓಡಿಸುವ ಎಲ್298ಎನ್ ಡ್ರೈವರ್ ಇವೆ. ಗುರುತಿಸುವ ಕೆಲಸಕ್ಕೆ, ಚಿತ್ರದಲ್ಲಿ ಯಾವ ವಸ್ತು ಎಲ್ಲಿದೆ ಎಂದು ಹೇಳುವ ಮೊಬೈಲ್‌ನೆಟ್ ಎಸ್‌ಎಸ್‌ಡಿ ಎಂಬ ಎಐ ಮಾಡೆಲ್ ಬಳಸಿದ್ದೇನೆ. ನಿಂತಲ್ಲಿಂದ ಬಾಟಲಿ ಸರಿಯಾಗಿ ಗುರುತಾಗುತ್ತದೆ, ಆದರೆ ತಿರುಗತೊಡಗಿದರೆ ಎದುರಿಗಿರುವುದನ್ನೂ ದಾಟಿ ಹೋಗುತ್ತದೆ. ಕೆಲವೊಮ್ಮೆ ಮೋಟಾರ್ ಚಾಲೂ ಆದ ತಕ್ಷಣ ಪೈ ರೀಸ್ಟಾರ್ಟ್ ಆಗುತ್ತದೆ. ಹೆಚ್ಚು ವೇಗದ ಬೋರ್ಡ್ ಕೊಳ್ಳುವುದು ಅನಿವಾರ್ಯವೇ?

ಉತ್ತರ 1
ಬೋರ್ಡ್ ಬದಲಿಸುವ ಮೊದಲು, ತಿರುಗುತ್ತಿರುವಾಗ ಬಂದ ಫ್ರೇಮ್‌ಗಳನ್ನು (ಕ್ಯಾಮೆರಾದ ಬಿಡಿ ಚಿತ್ರಗಳನ್ನು) ಉಳಿಸಿಕೊಂಡು ತೆರೆದು ನೋಡಿರಿ. ಬಾಟಲಿಯ ಅಂಚುಗಳು ಅಡ್ಡಡ್ಡಲಾಗಿ ಕಲಸಿಹೋಗಿದ್ದರೆ ಯಾವ ಬೋರ್ಡ್ ಹಾಕಿದರೂ ಫಲಿತಾಂಶ ಹೆಚ್ಚೇನೂ ಬದಲಾಗದು. ಹುಡುಕುವಾಗ ಒಂದೇ ಸಮನೆ ತಿರುಗಿಸದೆ, ಕ್ಯಾಮೆರಾದ ನೋಟದ ಅಗಲದ ಅರ್ಧದಷ್ಟು ತಿರುಗಿಸಿ, ನಿಲ್ಲಿಸಿ, ಅಲುಗಾಟ ಅಡಗಿದ ಮೇಲೆ ತೆಗೆದ ಫ್ರೇಮನ್ನಷ್ಟೇ ಮಾಡೆಲ್‌ಗೆ ಕೊಡಿ. ಆಗ ಸೆಕೆಂಡಿಗೆ ಎರಡು ಮೂರು ಫ್ರೇಮ್ ನೋಡಿದರೂ ಸಾಕು. ಮಾಡೆಲ್‌ನೊಳಗಿನ ಸಂಖ್ಯೆಗಳು ಇನ್ನೂ 32 ಬಿಟ್‌ನಲ್ಲಿದ್ದರೆ, ಸಣ್ಣ ಸಾಧನಗಳಲ್ಲಿ ಮಾಡೆಲ್ ಓಡಿಸುವ ಟೆನ್ಸರ್‌ಫ್ಲೋ ಲೈಟ್ ತಂತ್ರಾಂಶದಲ್ಲಿ 8 ಬಿಟ್‌ಗೆ ಇಳಿಸಿ; ಗಾತ್ರ ಸುಮಾರು ಕಾಲು ಭಾಗಕ್ಕಿಳಿಯುತ್ತದೆ, ವೇಗವೂ ಹೆಚ್ಚುತ್ತದೆ.

ಉತ್ತರ 2
ರೀಸ್ಟಾರ್ಟ್ ಆಗುವುದಕ್ಕೂ ಮಾಡೆಲ್‌ಗೂ ಸಂಬಂಧವಿರಲಾರದು. ಮೋಟಾರ್ ಹೊರಡುವ ಕ್ಷಣದಲ್ಲಿ ಎಳೆಯುವ ಕರೆಂಟ್, ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚಿರುವುದರಿಂದ, ಬ್ಯಾಟರಿ ಒಂದೇ ಆಗಿದ್ದರೆ ಪೈಗೆ ಸಿಗುವ ವೋಲ್ಟೇಜ್ ಕುಸಿಯುತ್ತದೆ. ಪೈಗೂ ಮೋಟಾರ್‌ಗಳಿಗೂ ಬೇರೆ ಬೇರೆ ಬ್ಯಾಟರಿ ಕೊಟ್ಟು, ಗ್ರೌಂಡ್ (ಋಣ ತುದಿಯ ತಂತಿ) ಮಾತ್ರ ಒಂದಾಗಿಸಿ. ಎಲ್298ಎನ್ ತಾನೇ ಸುಮಾರು 2 ವೋಲ್ಟ್ ನುಂಗಿ ಬಿಸಿಯಾಗುವ ಹಳೆಯ ಚಿಪ್. ಸಣ್ಣ ಮೋಟಾರ್‌ಗಳಿಗೆ ಟಿಬಿ6612 ಡ್ರೈವರ್ ಎಷ್ಟೋ ಮೇಲು.

ಪ್ರಶ್ನೆ ಕೇಳಿದವರು
ಫ್ರೇಮ್‌ಗಳು ನೀವು ಹೇಳಿದಂತೆಯೇ ಕಲಸಿಹೋಗಿದ್ದವು. ನಿಂತು ನೋಡುವಂತೆ ಬದಲಿಸಿದ ಮೇಲೆ ಬಾಟಲಿ ಸಿಗುತ್ತಿದೆ. ವಸ್ತುವಿಗೆ ಎಷ್ಟು ಹತ್ತಿರ ಬಂದಾಗ ನಿಲ್ಲಬೇಕೆಂಬುದನ್ನು, ಗುರುತಿಸಿದ ವಸ್ತುವಿನ ಸುತ್ತ ಮಾಡೆಲ್ ಹಾಕುವ ಚೌಕಟ್ಟಿನ ಗಾತ್ರದಿಂದಲೇ ನಿರ್ಧರಿಸಬಹುದೇ?

ಉತ್ತರ 3
ದೂರದಲ್ಲಿರುವಾಗ ದಿಕ್ಕು ಹಿಡಿಯಲು ಚೌಕಟ್ಟಿನ ನಡುಬಿಂದು ಸಾಕು: ಅದು ಚಿತ್ರದ ನಡುವಿನಿಂದ ಎಡಕ್ಕೆ ಸರಿದಷ್ಟೂ ಬಲಗಾಲಿಯ ವೇಗ ಹೆಚ್ಚಿಸಿ. ಆದರೆ ತೀರ ಹತ್ತಿರ ಬಂದಾಗ ವಸ್ತುವಿನ ಒಂದು ಭಾಗ ಚಿತ್ರದಿಂದ ಆಚೆ ಹೋಗಿ ಗಾತ್ರದ ಲೆಕ್ಕ ತಪ್ಪುತ್ತದೆ. ಕೊನೆಯ ಅಳತೆಗೆ, ಶಬ್ದದ ಪ್ರತಿಧ್ವನಿಯಿಂದ ದೂರ ಅಳೆಯುವ ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿ. ಅದರ ವ್ಯಾಪ್ತಿ 2 ಸೆಂಟಿಮೀಟರ್‌ನಿಂದ 4 ಮೀಟರ್. ಅದರ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ, ಪೈನ ಪಿನ್‌ಗಳು ತಾಳುವುದು 3.3 ವೋಲ್ಟ್ ಮಾತ್ರ. ನಡುವೆ ವೋಲ್ಟೇಜ್ ಇಳಿಸುವ ಎರಡು ರೆಸಿಸ್ಟರ್‌ಗಳ ಜೋಡಣೆ (ವೋಲ್ಟೇಜ್ ಡಿವೈಡರ್) ಇಲ್ಲದೆ ಜೋಡಿಸಬೇಡಿ.