ನನ್ನ ರೈಲು ಫೋಟೋ ಗೈಡ್ ಪುಸ್ತಕಕ್ಕೆ ಕೇಳಿದ್ದಾರೆ, ಕೊಡಲಾ?

ಕೇಳಿದವರು: ಕೊಪ್ಪಳದಿಂದ

ನಮಸ್ಕಾರ. ನಾನು ಗೊಬ್ಬರದ ಅಂಗಡಿಯಲ್ಲಿ ಲೆಕ್ಕ ಬರೆಯುವವನು. ನಾಲ್ಕು ವರ್ಷದಿಂದ ಭಾನುವಾರ ಬಂತೆಂದರೆ ಕ್ಯಾಮೆರಾ ಹಿಡಿದು ಗಿಣಿಗೇರಾ, ಮುನಿರಾಬಾದ್ ಕಡೆ ಹೊರಡುತ್ತೇನೆ. ರೈಲಿನ ಹುಚ್ಚು ಅಷ್ಟೇ, ಇದರಿಂದ ಒಂದು ರೂಪಾಯಿ ಬಂದಿಲ್ಲ. ಈಗ ಬೆಂಗಳೂರಿನ ಪ್ರಕಾಶಕರೊಬ್ಬರು ಹಂಪಿ, ಆನೆಗೊಂದಿ, ತುಂಗಭದ್ರಾ ಡ್ಯಾಮ್ ಎಲ್ಲ ಸೇರಿಸಿ ಪ್ರವಾಸಿ ಗೈಡ್ ತರುತ್ತಿದ್ದಾರೆ. ನನ್ನ ಮೂರು ಫೋಟೋ ಬೇಕಂತೆ. "ದುಡ್ಡು ಇಲ್ಲ, ಹೆಸರು ಹಾಕ್ತೀವಿ, ಒಂದು ಪ್ರತಿ ಕಳಿಸ್ತೀವಿ, ವಾಟ್ಸಾಪ್ ಮಾಡಿಬಿಡಿ" ಅಂದರು. ಆಮೇಲೆ ಒಂದು ಫಾರ್ಮ್ ಬಂತು. ಅದರಲ್ಲಿ "ಸಕಲ ಹಕ್ಕುಗಳೂ ಪ್ರಕಾಶಕರಿಗೆ ಸೇರಿದ್ದು" ಅಂತಿದೆ. ಖುಷಿಯೂ ಇದೆ, ಹೆದರಿಕೆಯೂ ಇದೆ. ರೈಲ್ವೆಯವರ ಪರ್ಮಿಷನ್ ಬೇಕಾ ಅನ್ನೋದೂ ಗೊತ್ತಿಲ್ಲ. ಅನುಭವ ಇದ್ದವರು ಹೇಳಿ.

ಬಳ್ಳಾರಿಯಿಂದ, ರಿಟೈರ್ ಆದ ಮೇಷ್ಟ್ರು

ತಮ್ಮಾ, ಮೊದಲು ಆ ಫಾರ್ಮ್‌ಗೆ ಸಹಿ ಹಾಕಬೇಡ. ಫೋಟೋ ಕೊಡು, ಬೇಡ ಅನ್ನಲ್ಲ. ನನ್ನದೊಂದು ಕಥೆ ಕೇಳು.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟ್ ಕಿತ್ತುಹೋಯಿತಲ್ಲ, ಅದಾದ ಎರಡು ಮೂರು ದಿನಕ್ಕೆ ನಾನು ಮುನಿರಾಬಾದ್ ಕಡೆ ಹೋಗಿದ್ದೆ. ಸೇತುವೆಯ ಕೆಳಗೆ ನೀರು ಉಕ್ಕಿ ಹರಿಯುತ್ತಿತ್ತು. ಮೇಲೆ ಒಂದು ಅದಿರು ಗೂಡ್ಸ್ ನಿಧಾನಕ್ಕೆ ಬರುತ್ತಿತ್ತು. ದೂರದಲ್ಲೇ ನಿಂತು ಒಂದು ಹತ್ತು ಕ್ಲಿಕ್ ಹೊಡೆದೆ, ಒಂದು ಚೆನ್ನಾಗಿ ಬಂತು. ಮಾರನೇ ವರ್ಷ ಒಂದು ಗೈಡ್‌ನವರು ಕೇಳಿದರು. ನಾನು ಹಿಗ್ಗಿ ಹೀರೇಕಾಯಿ ಆಗಿ ಒಂದು ಕಾಗದವೂ ಇಲ್ಲದೆ ಕಳಿಸಿಬಿಟ್ಟೆ.

ಪುಸ್ತಕ ಬಂತು. ಮನೆಯವಳನ್ನು ಕೂಗಿ ಕರೆದು ಪುಟ ತೆಗೆದರೆ, ಫೋಟೋ ಕೆಳಗೆ "ರಾಯಚೂರಿನ ಕೃಷ್ಣಾ ಸೇತುವೆ" ಅಂತ ಇದೆ! ನದಿಯೇ ಬದಲಾಗಿತ್ತು. ಇಂಜಿನ್‌ನ ಮುಂದಿನ ಭಾಗ ಕತ್ತರಿಸಿ ಹೋಗಿತ್ತು, ಮಣ್ಣು ಬಣ್ಣದ ನೀರನ್ನು ಕಂಪ್ಯೂಟರ್‌ನಲ್ಲಿ ನೀಲಿ ಮಾಡಿದ್ದರು. ನನ್ನ ಹೆಸರು ಕೊನೆಯ ಪುಟದಲ್ಲಿ, ಭೂತಗನ್ನಡಿ ಹಿಡಿದರೆ ಕಾಣುವಷ್ಟು, ಇನ್ನೂ ಹದಿನೈದು ಜನರ ಜೊತೆ. ಮನೆಯವಳು ಕೇಳಿದ್ದು ಒಂದೇ, "ಇದು ನಿಮ್ಮ ಫೋಟೋ ಅಂತ ಯಾರಿಗೆ ಗೊತ್ತಾಗುತ್ತೆ?"

ಆಮೇಲೆ ವಕೀಲಿಕೆ ಮಾಡುವ ನನ್ನ ಹಳೇ ವಿದ್ಯಾರ್ಥಿಯನ್ನು ಕೇಳಿದೆ. ಅವನು ಹೇಳಿದ್ದು ಇಷ್ಟು. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಫೋಟೋ ತೆಗೆದವರೇ ಅದರ ಕರ್ತೃ. ನೀನು ಸ್ವಂತ ಖುಷಿಗೆ ತೆಗೆದದ್ದಾದರೆ ಹಕ್ಕು ನಿನ್ನದೇ. ಬಾಯಿ ಮಾತಿನಲ್ಲಿ ಅದು ಬೇರೆಯವರ ಹೆಸರಿಗೆ ಹೋಗಲ್ಲ, ಬರೆದು ಸಹಿ ಹಾಕಬೇಕು. ಹಕ್ಕು ಬಿಟ್ಟುಕೊಟ್ಟ ಕಾಗದದಲ್ಲಿ ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತಲೂ, ಯಾವ ಜಾಗಕ್ಕೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತಲೂ ಲೆಕ್ಕ. ಹಕ್ಕು ಮಾರಿದ ಮೇಲೂ "ಇದನ್ನು ತೆಗೆದದ್ದು ನಾನು" ಅಂತ ಹೇಳಿಕೊಳ್ಳುವ ಹಕ್ಕು ಉಳಿಯುತ್ತೆ, ಅದು 57ನೇ ಕಲಂ.

ಅದಕ್ಕೇ ಹೇಳೋದು, ನೀನೇ ಒಂದು ಪುಟ ಬರೆದು ಕಳಿಸು. ಈ ಮೂರು ಫೋಟೋ, ಈ ಪುಸ್ತಕದ ಈ ಮುದ್ರಣಕ್ಕೆ ಮಾತ್ರ. ಹೆಸರು ಫೋಟೋ ಪಕ್ಕದಲ್ಲೇ ಬರಬೇಕು. ಅಡಿಬರಹ ನಾನು ಕೊಟ್ಟದ್ದೇ ಇರಬೇಕು. ಅಚ್ಚಿಗೆ ಹೋಗುವ ಮೊದಲು ಪ್ರೂಫ್ ತೋರಿಸಬೇಕು. ಸಾಕು.

ಅಡಿಬರಹದ ವಿಷಯದಲ್ಲಿ ಮಾತ್ರ ಬಿಡಬೇಡ. ದೂರದಲ್ಲಿ ಕೂತು ಪುಸ್ತಕ ಮಾಡುವವರಿಗೆ ಹಂಪಿ ಎಕ್ಸ್‌ಪ್ರೆಸ್ ಹಂಪಿಗೇ ಹೋಗುತ್ತೆ ಅನ್ನುವ ನಂಬಿಕೆ ಇರುತ್ತೆ. ಹಂಪಿಗೆ ಸ್ಟೇಷನ್ನೇ ಇಲ್ಲ, ಹೊಸಪೇಟೆಯಲ್ಲಿ ಇಳಿದು ಹದಿಮೂರು ಕಿಲೋಮೀಟರ್ ಹೋಗಬೇಕು ಅಂತ ನಾವು ಹೇಳದಿದ್ದರೆ ಯಾರು ಹೇಳುತ್ತಾರೆ? ನಿನ್ನ ಫೋಟೋದಲ್ಲಿರುವ ಗಾಡಿ ಮೈಸೂರಿಂದ ಹುಬ್ಬಳ್ಳಿಗೆ ಬರುವ 16592 ಆಗಿದ್ದರೆ ನಂಬರ್ ಸಮೇತ ಬರಿ.

ರಾಯಚೂರಿನಿಂದ

ಪರ್ಮಿಷನ್ ಬಗ್ಗೆ ನಂದು ಎರಡು ಮಾತು. ನಮ್ಮೂರು ಹಳೇ ಸ್ಟೇಷನ್ ಅಲ್ವಾ, ಮುಂಬೈ ಕಡೆಯಿಂದ ಬಂದ ಲೈನೂ ಮದ್ರಾಸ್ ಕಡೆಯಿಂದ ಬಂದ ಲೈನೂ 1871ರಲ್ಲಿ ಕೂಡಿದ್ದು ಇಲ್ಲೇ. ಅದೇ ಹೆಮ್ಮೆಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ತೆಗೆಯಲು ಟ್ರೈಪಾಡ್ ಹಾಕಿ ನಿಂತಿದ್ದೆ. ಪೊಲೀಸರು ಬಂದು "ಯಾವ ಚಾನೆಲ್ ರೀ?" ಅಂದರು. ಹತ್ತು ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತೋರಿಸಿದೆ. ಅದು ಎರಡು ತಾಸಿಗೆ ಮಾತ್ರ, ನಾನು ನಿಂತು ಮೂರು ತಾಸಾಗಿತ್ತು! ದಂಡ ಕಟ್ಟಿ ಬಂದೆ, ತಪ್ಪು ನಂದೇ.

ಜಾಹೀರಾತು, ಸಿನಿಮಾ ಥರ ಕಮರ್ಷಿಯಲ್ ಶೂಟಿಂಗ್ ಆದರೆ ವಲಯದ ಮುಖ್ಯ ಸಾರ್ವಜನಿಕ ಸಂಪರ್ಕಾಧಿಕಾರಿ ಕಚೇರಿಗೆ ಅರ್ಜಿ ಹಾಕಬೇಕು. ನಿಮ್ಮ ಕೊಪ್ಪಳ ನೈಋತ್ಯ ರೈಲ್ವೆ, ಅಂದರೆ ಹುಬ್ಬಳ್ಳಿ. ಫೋಟೋ ಈಗ ಪುಸ್ತಕಕ್ಕೆ ಹೋಗುತ್ತಿರುವುದರಿಂದ, ಸ್ಟೇಷನ್ ಒಳಗೆ ತೆಗೆದದ್ದಿದ್ದರೆ ಅಲ್ಲಿಗೇ ಒಂದು ಪತ್ರ ಬರೆದು ಕೇಳಿಬಿಡಿ, ಸುಮ್ನೆ ತಲೆನೋವು ಬೇಡ. ಹಳಿ ಮೇಲೆ ನಿಂತು ತೆಗೆದ ಫೋಟೋ ಇದ್ದರೆ ಅದನ್ನಂತೂ ಕೊಡಲೇಬೇಡಿ. ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳ ತನಕ ಜೈಲು ಅಥವಾ ಸಾವಿರ ರೂಪಾಯಿ ತನಕ ದಂಡ, ಇಲ್ಲಾಂದ್ರೆ ಎರಡೂ. ಹೆಸರು ಸಮೇತ ಅಚ್ಚಾದರೆ ನೀವೇ ಸಾಕ್ಷಿ ಕೊಟ್ಟ ಹಾಗೆ.

ಡಿಟಿಪಿ ಮಾಡುವವನು, ಬಳ್ಳಾರಿ

ವಾಟ್ಸಾಪ್ ಮಾಡಿ ಅಂದರಾ? ಕರ್ಮ. ದಿನಾ ಇದೇ ಗೋಳು ನಮಗೆ. ನಿಮ್ಮ ಕ್ಯಾಮೆರಾ 24 ಮೆಗಾಪಿಕ್ಸೆಲ್ ಆದರೆ ಫೋಟೋ 6000×4000 ಪಿಕ್ಸೆಲ್ ಇರುತ್ತೆ. ವಾಟ್ಸಾಪ್‌ನಲ್ಲಿ ಸುಮ್ನೆ ಕಳಿಸಿದರೆ ಅದು ಕುಗ್ಗಿ ಹೋಗುತ್ತೆ, ಉದ್ದ ಭಾಗ 1600ರ ಹತ್ತಿರ ಬಂದರೂ ಆಶ್ಚರ್ಯ ಇಲ್ಲ. ಎ4 ಪೂರ್ತಿ ಪುಟಕ್ಕೆ 300 ಡಿಪಿಐನಲ್ಲಿ (ಅಂದರೆ ಇಂಚಿಗೆ 300 ಚುಕ್ಕಿ) 2480×3508 ಬೇಕು, ಸುತ್ತಲೂ ಕಟಿಂಗ್‌ಗೆ 3 ಮಿಲಿಮೀಟರ್ ಬೇರೆ. ಚಿಕ್ಕ ಫೈಲ್ ಹಿಗ್ಗಿಸಿದರೆ ಗಾಡಿಯ ನಂಬರ್ ಇರುವೆ ಸಾಲಿನ ಥರ ಕಾಣುತ್ತೆ. ವಾಟ್ಸಾಪ್‌ನಲ್ಲೇ ಕಳಿಸಬೇಕಂದರೆ ಡಾಕ್ಯುಮೆಂಟ್ ಅಂತ ಕಳಿಸಿ. ಇಲ್ಲಾಂದ್ರೆ ಡ್ರೈವ್ ಲಿಂಕ್ ಕೊಡಿ.

ಇನ್ನೊಂದು. ಇಂಜಿನ್ ಮುಖ ಫ್ರೇಮ್‌ನ ಅಂಚಿಗೆ ತಾಗಿರಬಾರದು, ಸ್ವಲ್ಪ ಗಾಳಿ ಬಿಟ್ಟಿರಿ. ಮೇಷ್ಟ್ರ ಇಂಜಿನ್ ಕತ್ತರಿಸಿಹೋದದ್ದಕ್ಕೆ ಅದೂ ಒಂದು ಕಾರಣ ಇರಬಹುದು. ಬೈಯಬೇಡಿ ಸರ್.

ಮೇಷ್ಟ್ರು

ಅಂಚಿಗೆ ತಾಗಿತ್ತು, ನಿಜ. ನದಿ ಬದಲಾದದ್ದಕ್ಕೂ ಏನಾದರೂ ಕಾರಣ ಇದೆಯಾ?

ಗಂಗಾವತಿಯಿಂದ, ಒಬ್ಬರು ಅಕ್ಕ

ನಮ್ಮಪ್ಪ ಮೀಟರ್ ಗೇಜ್ (ಕಿರಿದಾದ ಹಳಿ) ಕಾಲದಲ್ಲಿ ಗದಗ–ಗುಂತಕಲ್ ಲೈನಿನ ಫೋಟೋ ತೆಗೆದಿದ್ದರು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆದ ಮೇಲೆ ಅಂಥ ಫೋಟೋ ಮತ್ತೆ ಸಿಗಲ್ಲ. ಒಂದು ಪುಸ್ತಕದವರು "ಮೂಲ ಪ್ರಿಂಟ್ ಕಳಿಸಿ, ವಾಪಸ್ ಕೊಡ್ತೀವಿ" ಅಂದರು. ನಾಲ್ಕು ಕಳಿಸಿದೆ, ಮೂರು ಬಂದವು. ಬಾರದ್ದು ಕೊಪ್ಪಳ ಸ್ಟೇಷನ್ನಿನದು. ಅದರ ಹಿಂದೆ ಅಪ್ಪ ಪೆನ್ಸಿಲ್‌ನಲ್ಲಿ ತಾರೀಖು, ಜೊತೆಗೆ "ಗಾಡಿ 40 ನಿಮಿಷ ಲೇಟ್" ಅಂತ ಬರೆದಿದ್ದರು. ಪುಸ್ತಕದಲ್ಲಿ ಫೋಟೋ ಇದೆ. ಆ ಅಕ್ಷರ ಇಲ್ಲ.

ಹಳೇ ಪ್ರಿಂಟ್ ಇದ್ದವರು ಮನೆಯಲ್ಲೇ ಸ್ಕ್ಯಾನ್ ಮಾಡಿ ಕೊಡಿ. 4×6 ಇಂಚಿನ ಪ್ರಿಂಟನ್ನು 600 ಡಿಪಿಐನಲ್ಲಿ ಮಾಡಿದರೆ 2400×3600 ಬರುತ್ತೆ, ಸಾಕು. ಹಿಂಭಾಗವನ್ನೂ ಸ್ಕ್ಯಾನ್ ಮಾಡಿ.

ಸಿಂಧನೂರಿನಿಂದ

ದುಡ್ಡು ಕೇಳ್ರಿ. ಕಾಗದಕ್ಕೆ ಕೊಡ್ತಾರೆ, ಬೈಂಡಿಂಗ್‌ಗೆ ಕೊಡ್ತಾರೆ, ಫೋಟೋಗೆ ಮಾತ್ರ ಹೆಸರಂತೆ.

ಕೇಳಿದವರು, ಎರಡು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್. ಮೇಷ್ಟ್ರು ಹೇಳಿದ ಹಾಗೆ ಒಂದು ಪುಟ ಬರೆದು ಕಳಿಸಿದೆ. ನಾಲ್ಕು ದಿನ ಉತ್ತರ ಇಲ್ಲ, ಕೈತಪ್ಪಿ ಹೋಯಿತು ಅಂತ ರಾತ್ರಿ ನಿದ್ದೆ ಬರಲಿಲ್ಲ. ಐದನೇ ದಿನ ಫೋನ್ ಬಂತು. ಒಂದು ಮುದ್ರಣಕ್ಕೆ ಮಾತ್ರ ಅನ್ನೋದಕ್ಕೆ ಒಪ್ಪಿದರು, ಪಕ್ಕದಲ್ಲೇ ಹೆಸರು ಹಾಕೋದಕ್ಕೂ ಒಪ್ಪಿದರು. ದುಡ್ಡಿಗೆ ಒಪ್ಪಲಿಲ್ಲ, ಪ್ರತಿ ಒಂದರ ಬದಲು ಐದು ಮಾಡಿದರು. ಸ್ಟೇಷನ್ ಒಳಗಿನದು ಒಂದೇ ಫೋಟೋ ಇತ್ತು, ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತ ಇಬ್ಬರು ಅಜ್ಜಂದಿರದು. ಅವರು ಯಾರೋ, ಕೇಳೋದು ಹೇಗೋ. ಅದನ್ನು ವಾಪಸ್ ತಗೊಂಡೆ.

ಅದರ ಜಾಗಕ್ಕೆ ಗಿಣಿಗೇರಾ–ಸಿಂಧನೂರು ಹೊಸ ಲೈನಿನದು ಒಂದು ಬೇಕಂತೆ. ಈ ಭಾನುವಾರ ಕಾರಟಗಿ ಕಡೆ ಹೊರಟಿದ್ದೇನೆ, ಭತ್ತದ ಗದ್ದೆ ಈಗ ಹಸಿರಾಗಿರುತ್ತೆ. ಸಿಂಧನೂರಿನ ಅಣ್ಣಾರು ಬರ್ತೀರಾ?