ಮೊಣಕಾಲು ಆಪರೇಷನ್: ಆಕ್ಸಿಡೇಟಿವ್ ಸ್ಟ್ರೆಸ್ ಗ್ಯಾಸ್‌ನಿಂದಲೋ, ಟೂರ್ನಿಕೆಯಿಂದಲೋ?

ಪ್ರಶ್ನೆ (ವಿಜಯಪುರ, ಅನಸ್ತೇಸಿಯಾ (ಅರಿವಳಿಕೆ) ಪಿ.ಜಿ. ವಿದ್ಯಾರ್ಥಿ): ಸರ್, 62 ವರ್ಷದ ಹೆಣ್ಣುಮಗಳು, ಮೊಣಕಾಲು ಬದಲಿ ಕೇಸ್. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಪಕ್ಕಾ ಸಸ್ಯಾಹಾರಿ. ಸ್ಪೈನಲ್ (ಬೆನ್ನಿಗೆ ಚುಚ್ಚೋ ಅರಿವಳಿಕೆ) ಆಗಂಗಿಲ್ಲ. ಸೆವೊಫ್ಲುರೇನ್ ಗ್ಯಾಸ್ ಕೊಟ್ರ ಆಕ್ಸಿಡೇಟಿವ್ ಸ್ಟ್ರೆಸ್ (ಫ್ರೀ ರ್‍ಯಾಡಿಕಲ್ ಕಣಗಳಿಂದ ಜೀವಕೋಶಕ್ಕ ಆಗೋ ಪೆಟ್ಟು) ಹೆಚ್ಚಾಗ್ತದೇನ್ರಿ? ರಕ್ತನಾಳಕ್ಕ ಬಿಡೋ ಪ್ರೊಪೊಫಾಲ್ ಇನ್‌ಫ್ಯೂಷನ್ ಮೇಲಾ?

ಉತ್ತರ: ಈ ಕೇಸಿನಲ್ಲಿ ದೊಡ್ಡ ಮೂಲ ವೇಪರೈಸರ್ (ಔಷಧವನ್ನು ಗ್ಯಾಸ್ ಮಾಡುವ ಸಾಧನ) ಅಲ್ಲ, ರಕ್ತ ತಡೆಯಲು ತೊಡೆಗೆ ಕಟ್ಟುವ ಪಟ್ಟಿ, ಅಂದರೆ ಟೂರ್ನಿಕೆ ಕಫ್. ರಕ್ತ ನಿಂತಾಗ ಕೋಶದ ಇಂಧನವಾದ ಎ.ಟಿ.ಪಿ. ಒಡೆದು ಹೈಪೋಕ್ಸಾಂಥೀನ್ ಎಂಬ ವಸ್ತು ಕೂಡುತ್ತದೆ. ಕಫ್ ಬಿಟ್ಟೊಡನೆ ಆಮ್ಲಜನಕ ನುಗ್ಗಿ, ಕ್ಸಾಂಥೀನ್ ಆಕ್ಸಿಡೇಸ್ ಎಂಬ ಕಿಣ್ವ ಆ ಹೈಪೋಕ್ಸಾಂಥೀನ್ ಹಿಡಿದು, ಫ್ರೀ ರ್‍ಯಾಡಿಕಲ್ ಆದ ಸೂಪರ್‌ಆಕ್ಸೈಡ್ ಹುಟ್ಟಿಸುತ್ತದೆ. ಹಾಗಾಗಿ ಗಡಿಯಾರ ನೋಡಿ: 90 ನಿಮಿಷದೊಳಗೆ ಮುಗಿದರೆ ಒಳ್ಳೆಯದು, 120 ದಾಟಬಾರದು.

ಸೆವೊಫ್ಲುರೇನ್ ಮೈಟೋಕಾಂಡ್ರಿಯಾದಲ್ಲಿ ಸ್ವಲ್ಪ ಫ್ರೀ ರ್‍ಯಾಡಿಕಲ್ ಹುಟ್ಟಿಸುವುದು ನಿಜ. ಆ ಸಣ್ಣ ಪೆಟ್ಟೇ ಪೊಟ್ಯಾಸಿಯಂ ಚಾನೆಲ್ ತೆರೆಸಿ, ಮುಂದೆ ಬರುವ ದೊಡ್ಡ ಪೆಟ್ಟಿಗೆ ಹೃದಯವನ್ನು ಸಜ್ಜುಮಾಡುತ್ತದೆ; ಪ್ರೀಕಂಡೀಷನಿಂಗ್ ಅಂದರೆ ಇದೇ. ಅರವತ್ತರ ವಯಸ್ಸಿಗೆ 1 ಮ್ಯಾಕ್ (ಅರ್ಧದಷ್ಟು ರೋಗಿಗಳು ಕತ್ತರಿಸಿದಾಗ ಅಲುಗದಂತೆ ಮಾಡುವ ಗ್ಯಾಸ್ ಪ್ರಮಾಣ) ಅಂದರೆ ಸುಮಾರು 1.7%, ಅದಕ್ಕೆ ಸುಮ್ಮನೆ 2.5ಕ್ಕೆ ತಿರುಗಿಸಬೇಡಿ.

ಪ್ರೊಪೊಫಾಲ್‌ನ ಫಿನಾಲ್ ಗುಂಪು ವಿಟಮಿನ್ ಇ ತರಹ ರ್‍ಯಾಡಿಕಲ್ ನುಂಗುತ್ತದೆ, ರಕ್ತದ ಎಂ.ಡಿ.ಎ. (ಆಕ್ಸಿಡೇಟಿವ್ ಹಾನಿ ತೋರಿಸುವ ಗುರುತು) ಕಡಿಮೆ ಬರಬಹುದು. ಆದರೆ ಲ್ಯಾಬ್ ಅಂಕಿ ಬೇರೆ, ರೋಗಿ ಬೇರೆ. ಬೈಪಾಸ್‌ನ 5,400 ರೋಗಿಗಳಲ್ಲಿ ಗ್ಯಾಸ್ ಮತ್ತು ಇನ್‌ಫ್ಯೂಷನ್ ಹೋಲಿಸಿದ 2019ರ ಟ್ರಯಲ್‌ನಲ್ಲಿ ಒಂದು ವರ್ಷದ ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ನಿಮ್ಮ ರೋಗಿಗೆ ನಾನು ತಪ್ಪಿಸುವುದು ನೈಟ್ರಸ್ ಆಕ್ಸೈಡ್ ಗ್ಯಾಸ್. ಅದು ಬಿ12ರ ಕೋಬಾಲ್ಟ್ ಅನ್ನು ಆಕ್ಸಿಡೈಸ್ ಮಾಡಿ ಮೆಥಿಯೊನೀನ್ ಸಿಂಥೇಸ್ ಎಂಬ ಕಿಣ್ವವನ್ನು ನಿಲ್ಲಿಸುತ್ತದೆ, ರಕ್ತದಲ್ಲಿ ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ ಏರುತ್ತದೆ. ಮೆಟ್‌ಫಾರ್ಮಿನ್, ಮೇಲೆ ಸಸ್ಯಾಹಾರ, ಎರಡೂ ಬಿ12 ತಗ್ಗಿಸುತ್ತವೆ: ಅದು ಮೊದಲೇ ತಳ ಕಂಡಿರಬಹುದು. ಮುಂಚೆಯೇ ಪರೀಕ್ಷಿಸಿ. ಆಕ್ಸಿಜನ್ ಜೊತೆ ಏರ್ ಬೆರೆಸಿ. ಕಾರಣವಿಲ್ಲದೆ 100% ಆಕ್ಸಿಜನ್ ಬೇಡ, ರ್‍ಯಾಡಿಕಲ್‌ಗೆ ಅದೇ ಮೇವು.

ಪ್ರಶ್ನೆ (ಬೆಳಗಾವಿ): ಇನ್ನೊಂದು ಅರಿವಳಿಕೆ ಗ್ಯಾಸ್ ಡೆಸ್‌ಫ್ಲುರೇನ್ ಹೆಂಗ್ರಿ?

ಉತ್ತರ: ಹಲವು ಹೋಲಿಕೆಗಳಲ್ಲಿ ಅದರ ಎಂ.ಡಿ.ಎ. ಸೆವೊಫ್ಲುರೇನ್‌ಗಿಂತ ಮೇಲಿದೆ. ಥಟ್ಟನೆ ಏರಿಸಿದರೆ ನಾಡಿ, ಬಿ.ಪಿ. ಜಿಗಿಯುತ್ತವೆ. ಇನ್ನೊಂದು, ಬೆಳಗಾವಿ ಸುಮಾರು 750 ಮೀಟರ್ ಎತ್ತರ, ವಾಯುಭಾರ 695 ಎಂ.ಎಂ. ಆಸುಪಾಸು. ಬಿಸಿಮಾಡುವ ಡೆಸ್‌ಫ್ಲುರೇನ್ ವೇಪರೈಸರ್‌ನಲ್ಲಿ ಸಮುದ್ರಮಟ್ಟದ 6%ಗೆ ಇಲ್ಲಿ 6.5 ಇಡಬೇಕು. ಸೆವೊಫ್ಲುರೇನ್ ವೇಪರೈಸರ್‌ಗೆ ಈ ಲೆಕ್ಕ ಬೇಕಿಲ್ಲ.

ಶನಿವಾರ ಯಂತ್ರದ ಗ್ಯಾಸ್ ಫ್ಲೋ ಬಂದ್ ಮಾಡದೆ ಹೋಗಿದ್ದರೆ, ಸೋಮವಾರದ ಮೊದಲ ಕೇಸಿಗೆ ಮುನ್ನ ಸೋಡಾಲೈಮ್ (ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಹರಳು) ಬದಲಿಸಿ. ಒಣಗಿದ ಸೋಡಾಲೈಮ್ ಮೇಲೆ ಡೆಸ್‌ಫ್ಲುರೇನ್ ಹಾಯ್ದರೆ ಕಾರ್ಬನ್ ಮೊನಾಕ್ಸೈಡ್ ಬರುತ್ತದೆ. ಪಲ್ಸ್ ಆಕ್ಸಿಮೀಟರ್ ಆಗಲೂ 98 ಅಂತಲೇ ತೋರಿಸುತ್ತಿರುತ್ತದೆ.